ನಟ್ಟಿನ ಮೇಲಿನ ಹಳದಿ ಗೆರೆ

ಮಾರ್ಚ್ ೩, ಸೋಮವಾರ

ರಂಗಮಂದಿರಕ್ಕೆ ಇವತ್ತು ಬೀಗ ಬಿತ್ತು. ವೇದಿಕೆಯ ಹಲಗೆಗಳನ್ನು ಗೆದ್ದಲು ತಿಂದಿದೆಯಂತೆ, ಕಿತ್ತು ಹೊಸದು ಹಾಕಲು ಎರಡು ತಿಂಗಳು ಬೇಕಂತೆ. ಇಪ್ಪತ್ತೆಂಟು ವರ್ಷ ಆ ಹಲಗೆಗಳ ಹಿಂದೆ ನಿಂತು ಕಾಡು ಬರೆದೆ, ಅರಮನೆ ಬರೆದೆ, ಸೆರೆಮನೆ ಬರೆದೆ. ನಟ ಕೈಕೊಟ್ಟ ದಿನ ಮೀಸೆ ಅಂಟಿಸಿಕೊಂಡು ರಾಜನಾದೆ, ಮೀಸೆ ಸಿಗದ ದಿನ ರಾಕ್ಷಸನಾದೆ. ಅಂಥ ನಾನು ಬಣ್ಣದ ಡಬ್ಬಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಸಂಜೆ ಮನೆ ಸೇರಿದರೆ, ಸಾಂತ್ವನ ಹೇಳಬೇಕಾದ ಹೆಂಡತಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಯಾವುದೋ ಅರ್ಜಿ ತುಂಬುತ್ತ ಕೂತಿದ್ದಳು.

"ಏನದು?" ಎಂದೆ.

"ರೇಸಿಗೆ. ನಲವತ್ತು ವರ್ಷ ದಾಟಿದ ಗಾಡಿ, ಮೊದಲನೇ ಸಲ ರೇಸಿಗಿಳಿಯೋರು. ಈ ವರ್ಷ ಹೊಸ ವಿಭಾಗ ಮಾಡಿದಾರೆ. ಏಪ್ರಿಲ್ ಇಪ್ಪತ್ತೇಳು."

"ಯಾರು ಓಡಿಸೋದು?"

"ಅರ್ಜಿ ಯಾರು ತುಂಬ್ತಿದಾರೆ ರೀ?"

ನಲವತ್ತೊಂಬತ್ತು ವಯಸ್ಸು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅಪ್ಪನ ಹಳೆಯ ಮುನ್ನೂರೈವತ್ತು ಸಿಸಿ ಗಾಡಿಯನ್ನು ಹದಿನೆಂಟನೆಯ ವಯಸ್ಸಿನಿಂದ ಓಡಿಸುತ್ತಿದ್ದಾಳೆ. ಹಿಂದೆ ಕೂತು ನಾನು ಎಷ್ಟು ಸಲ ಕಣ್ಣು ಮುಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಅವಳದು ಒಂದೇ ಷರತ್ತು: "ಅಪ್ಪ ಕಟ್ಟಿ ಕೊಟ್ಟ ಗಾಡಿ ಮೇಲೆ ಮಾತ್ರ ಕೂರ್ತೀನಿ. ಅವರು ಆಗಲ್ಲ ಅಂದ್ರೆ ಅರ್ಜಿ ವಾಪಸ್ಸು."

ಅಪ್ಪ, ಅಂದರೆ ನನ್ನ ಮಾವ, ಕೆಳಗಿನ ಮನೆಯಲ್ಲೇ ಇದ್ದಾರೆ. ಒಪ್ಪಿದರು. ನಾಯಕಿ ಸಿಕ್ಕಳು, ಸೂತ್ರಧಾರ ಸಿಕ್ಕರು. ಈ ನಾಟಕದಲ್ಲಿ ನನ್ನ ಪಾತ್ರ ಯಾವುದು? ಗಾಡಿಗಂತೂ ಇಂದಿನಿಂದ 'ಪಟ್ಟದಾನೆ' ಎಂದು ನಾಮಕರಣ ಮಾಡಿದ್ದೇನೆ.

ಮಾರ್ಚ್ ೫, ಬುಧವಾರ

ಪಟ್ಟದಾನೆಯ ಆಭರಣಗಳನ್ನೆಲ್ಲ ಕಳಚಿದೆವು. ದೀಪ, ಕನ್ನಡಿ, ಸ್ಟ್ಯಾಂಡು, ಮಡ್‌ಗಾರ್ಡು, ಒಂದೂ ರೇಸಿಗೆ ಬೇಡವಂತೆ. ಹಾರನ್ ತೆಗೆಯುವಾಗ ಮಾತ್ರ ನನಗೆ ಸಂಕಟವಾಯಿತು. ಕಂಠವನ್ನೇ ಕಿತ್ತುಕೊಂಡರೆ ಪಾತ್ರದಲ್ಲಿ ಏನು ಉಳಿಯುತ್ತದೆ?

ಮಾವನಿಗೆ ಎಪ್ಪತ್ತೆಂಟು. ನಲವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ಕಿವಿ ಹೋಗಿದೆ, ಈಗ ಕಣ್ಣಿಗೆ ಪೊರೆ ಬೇರೆ ಬರುತ್ತಿದೆ. ಮಗಳ ಮಾತು ಅವರಿಗೆ ತುಟಿ ನೋಡಿದರೆ ಮಾತ್ರ ತಿಳಿಯುತ್ತದೆ. ನನ್ನದು ಹಾಗಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗಾಗಿ ಪಳಗಿಸಿದ ಗಂಟಲು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು "ಹದಿನಾಲ್ಕರ ಸ್ಪ್ಯಾನರ್ ಎಲ್ಲಿದೆ ಮಾವ?" ಎಂದರೆ ಪಕ್ಕದ ಮನೆಯ ಟೈಲರ್ ತನ್ನ ಕಿಟಕಿಯಿಂದ "ನನ್ನ ಹತ್ತಿರ ಇಲ್ಲ ಸ್ವಾಮೀ" ಅನ್ನುತ್ತಾನೆ.

"ಈ ಊರಲ್ಲಿ ಸರಿಯಾಗಿ ಮಾತಾಡೋರು ಅಂದ್ರೆ ನೀವೊಬ್ಬರೇ, ಅಳಿಯಂದ್ರೇ," ಎಂದರು ಮಾವ. ನನ್ನ ವೃತ್ತಿಜೀವನದಲ್ಲಿ ಇಂಥ ವಿಮರ್ಶೆ ಬಂದದ್ದಿಲ್ಲ.

ನಟ್ಟು ಬೋಲ್ಟುಗಳನ್ನೆಲ್ಲ ಮೊಟ್ಟೆಯ ಟ್ರೇಗಳಲ್ಲಿ ಜೋಡಿಸಿದ್ದೇನೆ. ಪ್ರತಿ ಗುಳಿಗೂ ಒಂದು ಚೀಟಿ. ಇಷ್ಟೊಂದು ಚೂರುಗಳು ಸೇರಿ ಓಡುತ್ತಿದ್ದವು ಎಂಬುದೇ ನನಗೆ ನಂಬಲಾಗುತ್ತಿಲ್ಲ. ಯಾವುದು ಯಾವುದನ್ನು ತಳ್ಳುತ್ತದೆ?

ಮಾರ್ಚ್ ೯, ಭಾನುವಾರ

ಇವತ್ತು ಒಂದು ವಿದ್ಯೆ ಕಲಿತೆ. ಎಂಜಿನ್ನನ್ನು ಬೆಂಚಿಗೆ ಬಿಗಿದು ಶುರು ಮಾಡಿದ ಮಾವ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ತಲೆಗೆ ಆನಿಸಿ, ಹಿಡಿಯನ್ನು ತಮ್ಮ ದವಡೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಕಿವಿ ಕೇಳದ ಮನುಷ್ಯ ಮೂಳೆಯಿಂದ ಕೇಳುತ್ತಿದ್ದಾರೆ.

"ವಾಲ್ವ್ ತಳ್ಳೋ ಟ್ಯಾಪೆಟ್ ಸಡಿಲ ಇದೆ. ಎಡಗಡೇದು."

ನಾನೂ ಒತ್ತಿಕೊಂಡೆ. ಮೊದಲು ಬರೀ ಗದ್ದಲ. ಮಾವ ನನ್ನ ತಲೆಯನ್ನು ಹಿಡಿದು ಒಂದಿಷ್ಟು ಈಚೆ ಸರಿಸಿದರು. ಆಮೇಲೆ, ಗದ್ದಲದೊಳಗೆ, ಯಾರೋ ಉಗುರಿನಿಂದ ಲೋಟ ತಟ್ಟುತ್ತಿರುವಂಥ ಒಂದು ಸದ್ದು. ಅಷ್ಟೇ. ಊಟಕ್ಕೆ ಕರೆದರೂ ಎದ್ದಿಲ್ಲ ಅಂತ ಇವಳು ಬೈದಳು. ನಾನು ಇನ್ನೊಂದು ಸಲ ಕೇಳಬೇಕಿತ್ತು.

ಮಾರ್ಚ್ ೧೬, ಭಾನುವಾರ

ಕೊನೆಗೂ ನನ್ನ ಅಂಕ. ಮಾವ ಮಗಳ ಜೊತೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಾಗ ನಾನು ಬಣ್ಣದ ಡಬ್ಬಗಳನ್ನು ತೆರೆದೆ. ಎಂಜಿನ್ನನ್ನು ಚೌಕಟ್ಟಿಗೆ ಕೂಡಿಸುವ ನಾಲ್ಕು ಉಕ್ಕಿನ ತಗಡುಗಳಿವೆ, ತಲಾ ಎರಡು ತೂತು. ಎಂಟು ಬೋಲ್ಟುಗಳು ಅವುಗಳ ಮೂಲಕ ಹಾದು ಎಂಜಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ. ತುಕ್ಕು ಹಿಡಿದು ಬಡಕಲಾಗಿದ್ದವು ಪಾಪ. ಕಾಡಿನ ದೃಶ್ಯಕ್ಕೆಂದು ನಾನೇ ಕಲಸಿದ ಹಸಿರು, ಮೂರು ಕೋಟು, ಎರಡೂ ಬದಿಗೆ, ತೂತಿನ ಅಂಚಿನವರೆಗೆ. ರಂಗಸಜ್ಜಿಕೆಯವನು ಹಿಂಬದಿಯನ್ನು ಬರಿದಾಗಿ ಬಿಡುವುದಿಲ್ಲ. ಬಿಟ್ಟರೆ ಹಲಗೆ ವಾರದೊಳಗೆ ಸೊಟ್ಟಗಾಗುತ್ತದೆ. ನಮ್ಮ ಗುರುಗಳು ಬೆನ್ನಿಗೆ ಬಾರಿಸಿ ಕಲಿಸಿದ ಪಾಠ ಇದು.

ಮಾವ ಬಂದು ಬೆರಳಾಡಿಸಿ ನೋಡಿದರು. "ನುಣ್ಣಗೆ ಬಂದಿದೆ," ಎಂದರು. ಬಿಸಿಲಿಗೆ ಇಟ್ಟೆ. ಹತ್ತು ಅಡಿ ದೂರದಿಂದ ನೋಡಿದರೆ ಪಚ್ಚೆಯ ಹಾಗೆ ಕಾಣುತ್ತದೆ.

ಮಾರ್ಚ್ ೨೨, ಶನಿವಾರ

ಪಟ್ಟದಾನೆ ಮತ್ತೆ ಒಂದಾಗಿ ನಿಂತಿತು. ಎಲ್ಲ ನಟ್ಟುಗಳನ್ನೂ ಮಾವನೇ ಬಿಗಿದರು. ಎಷ್ಟು ಸಾಕು ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಮಣಿಕಟ್ಟಿಗೆ ಗೊತ್ತಾಗುತ್ತೆ," ಎಂದರು. ಮಣಿಕಟ್ಟಿಗೆ ಏನು ಗೊತ್ತಾಗುತ್ತದೆ?

ಮಧ್ಯಾಹ್ನ ಊರಾಚೆಯ ಖಾಲಿ ರಸ್ತೆಯಲ್ಲಿ ಇವಳು ಪೂರ್ತಿ ವೇಗದಲ್ಲಿ ಓಡಿಸಿ, ಒಮ್ಮೆಲೇ ಎಂಜಿನ್ ನಿಲ್ಲಿಸಿ, ಉರುಳಿಸಿಕೊಂಡು ಬಂದಳು. ಆಗ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಬೇಕು. ಬಿಳುಚಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪಾಗಿದ್ದರೆ ಹೆಚ್ಚು. ಮಾವನ ಕಣ್ಣಿಗೆ ಎರಡೂ ಒಂದೇ. ನನ್ನ ಕೈಗೆ ಕೊಟ್ಟರು.

"ಇದು ಸೂರ್ಯ ಮುಳುಗಿ ಅರ್ಧ ಗಳಿಗೆ ಆದ ಮೇಲೆ ಅರಮನೆಯ ಗೋಡೆಗೆ ಬರುವ ಬೂದಿ ಬಣ್ಣ, ಮಾವ. ಅಂಚಿನಲ್ಲಿ ಮುತ್ತಿನ ಹೊಳಪು."

"ಪೆಟ್ರೋಲ್ ಬಿಡೋ ಜೆಟ್ ದೊಡ್ಡದು ಹಾಕ್ಲೋ ಚಿಕ್ಕದೋ, ಅಷ್ಟು ಹೇಳಿ."

"ದೊಡ್ಡದು."

ನಾಲ್ಕನೆಯ ಸಲಕ್ಕೆ ಹದವಾದ ಕಂದು ಬಂತು. ಆ ಪುಟ್ಟ ಬಿಳಿ ಪಿಂಗಾಣಿ ಎಂಜಿನ್ನಿನ ಒಳಗಿನ ಬೆಂಕಿಯ ಸುದ್ದಿಯನ್ನು ಹೊರಗೆ ತಂದು ಹೇಳುತ್ತದಲ್ಲ. ಸಲಕ್ಕೊಂದರಂತೆ ಹಾಕಿ ತೆಗೆದ ನಾಲ್ಕೂ ಪ್ಲಗ್‌ಗಳನ್ನು ಸಾಲಾಗಿ ಕಿಟಕಿಯಲ್ಲಿ ಇಟ್ಟು ಬಹಳ ಹೊತ್ತು ನೋಡಿದೆ.

ಮಾರ್ಚ್ ೩೦, ಭಾನುವಾರ

ಮಾವ ಒಲೆಯ ಮೇಲೆ ನೀರಿಲ್ಲದ ಪಾತ್ರೆ ಇಟ್ಟು ಶೆಡ್ಡಿಗೆ ಬಂದುಬಿಟ್ಟಿದ್ದರು. ತಳ ಸುಟ್ಟ ವಾಸನೆಗೆ ಟೈಲರ್ ಓಡಿಬಂದ. ಹೋದ ವಾರ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೋಗಿದ್ದರು. ಇವಳು ನಕ್ಕಳು. ಮಾವ ನಗಲಿಲ್ಲ.

ಏಪ್ರಿಲ್ ೬, ಭಾನುವಾರ

ಅಭ್ಯಾಸದ ದಿನ. ಮುಚ್ಚಿಹೋದ ವಿಮಾನ ನಿಲ್ದಾಣವೇ ರೇಸಿನ ಅಂಗಳ: ಒಂದು ಉದ್ದನೆಯ ರನ್‌ವೇ, ಅದನ್ನು ಬಳಸಿ ಬರುವ ಹಳೆಯ ಡಾಂಬರು ದಾರಿ, ಆರು ತಿರುವು. ಮೊದಲ ಐದು ಸುತ್ತೂ ನಾನು ದಾರಿಯ ಪಕ್ಕದ ಗೋಡೆಯ ಮೇಲೆ ನಿಂತು ಮಾವನಿಗೆ ವೀಕ್ಷಕ ವಿವರಣೆ ಕೊಡುತ್ತಿದ್ದೆ. ಪಕ್ಕದ ತಂಡದವರು ಮೈಕ್ ಎಲ್ಲಿ ಎಂದು ಹುಡುಕಿದರು.

ಆರನೆಯ ಸುತ್ತಿನಲ್ಲಿ ಇವಳು ಕೈ ಎತ್ತಿ ಒಳಗೆ ಬಂದಳು.

"ಕಾಲಿಡೋ ಜಾಗ ನಡುಗ್ತಿದೆ. ಚೈನು ಹೊಡ್ಕೊಳ್ತಿದೆ."

ಮಾವ ಮಂಡಿಯೂರಿ ಎಂಜಿನ್ನಿನ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಸ್ಪ್ಯಾನರ್ ಸುಮ್ಮನೆ ತಿರುಗಿತು. ಅದನ್ನು ಬಿಟ್ಟು ಬೆರಳಿನಿಂದ ತಿರುಗಿಸಿದರು, ತಿರುಗಿತು. ಎಂಟರಲ್ಲಿ ಐದು ಹಾಗೇ. ಎಂಜಿನ್ ಚೌಕಟ್ಟಿನಲ್ಲಿ ಅಲುಗಾಡುತ್ತಿತ್ತು. ಇನ್ನೊಂದೆರಡು ಸುತ್ತು ಹೋಗಿದ್ದರೆ ಚೈನು ಕಳಚಿ ಹಿಂದಿನ ಚಕ್ರ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು. ರನ್‌ವೇ ಮೇಲೆ, ಆ ವೇಗದಲ್ಲಿ.

"ನಾನು ಬಿಗಿ ಮಾಡಿಲ್ಲ," ಎಂದರು ಮಾವ.

"ಮಾಡಿದೀರಿ ಅಪ್ಪ," ಎಂದಳು ಇವಳು, ಅವರ ಮುಖದ ಮುಂದೆ ಬಂದು.

"ಮಾಡಿದೀನಿ ಅಂತ ಅಂದ್ಕೊಂಡಿದೀನಿ. ನೀರಿಟ್ಟಿದೀನಿ ಅಂತ ಅಂದ್ಕೊಂಡಿರ್ಲಿಲ್ವಾ, ಹಾಗೆ."

ವ್ಯಾನಿನಲ್ಲಿ ಮನೆಗೆ ಬರುವಾಗ ಅವರ ಸ್ಪ್ಯಾನರುಗಳು ತೊಡೆಯ ಮೇಲಿದ್ದವು. ಒಂದೊಂದನ್ನೇ ಒರೆಸಿ, ಕ್ಯಾನ್ವಾಸು ಬಟ್ಟೆಯಲ್ಲಿ ಸುತ್ತಿ, ಮಗಳ ಕೈಗೆ ಕೊಟ್ಟರು. "ಇನ್ಮೇಲೆ ನಾನು ಮುಟ್ಟಲ್ಲಮ್ಮ. ನಿನ್ನ ಸಾಯ್ಸಿಬಿಡ್ತಿದ್ದೆ."

ಏಪ್ರಿಲ್ ೭, ಸೋಮವಾರ

ಶೆಡ್ಡಿನಲ್ಲಿ ಒಬ್ಬನೇ ಕೂತು ತಗಡುಗಳನ್ನು ಬಿಚ್ಚಿದೆ. ವಾಷರ್ ಕೂತ ಜಾಗದಲ್ಲೆಲ್ಲ ಹಸಿರು ಸುಕ್ಕುಗಟ್ಟಿ ಪಕ್ಕಕ್ಕೆ ಹಿಂಡಿಕೊಂಡಿದೆ, ಬಿಸಿ ಹಾಲಿನ ಕೆನೆ ಸರಿದ ಹಾಗೆ. ನನ್ನ ಹೆಬ್ಬೆರಳಿಗೆ ಅಂಟಿತು. ನಾನೇ ಕಲಸಿದ ಹಸಿರು.

ಕೈ ತೊಳೆದೆ.

ಏಪ್ರಿಲ್ ೮, ಮಂಗಳವಾರ

ನಟ್ಟು ಸಡಿಲಾದದ್ದು ಬಣ್ಣದಿಂದಲೇ ಎಂದು ಹೇಗೆ ಹೇಳುವುದು? ಮಾವ ನಿಜಕ್ಕೂ ಮರೆತಿರಬಹುದು. ಒಲೆಯದೂ ನಿಜ, ಚಪ್ಪಲಿಯದೂ ನಿಜ.

ಏಪ್ರಿಲ್ ೯, ಬುಧವಾರ

ಇವಳು ಅರ್ಜಿ ವಾಪಸ್ಸು ಪಡೆಯುವ ಪತ್ರ ಬರೆದಿಟ್ಟಿದ್ದಾಳೆ, ಇನ್ನೂ ಕಳಿಸಿಲ್ಲ. ಊಟ ಮಾಡುವಾಗ ಸುಮ್ಮನೆ ಕೇಳಿದ ಹಾಗೆ ಕೇಳಿದೆ: ಬಿಗಿದ ಬೋಲ್ಟು ಯಾಕೆ ಬಿಗಿಯಾಗಿಯೇ ಇರುತ್ತದೆ?

"ಎಳೆದ ರಬ್ಬರ್ ಬ್ಯಾಂಡಿದ್ದ ಹಾಗೆ ಅದು. ಬಿಗಿ ಮಾಡಿದಾಗ ಬೋಲ್ಟು ಒಂದು ಕೂದಲಿನಷ್ಟು ಉದ್ದ ಆಗುತ್ತೆ. ಮತ್ತೆ ಗಿಡ್ಡ ಆಗೋಕೆ ನೋಡ್ತಾ ಇರುತ್ತಲ್ಲ, ಆ ಎಳೆತನೇ ಹಿಡಿದಿಡೋದು."

"ಮಧ್ಯದಲ್ಲಿ ಏನಾದ್ರೂ ಮೆತ್ತಗಿರೋದು ಇದ್ರೆ?"

"ಅದು ಕೂದಲಷ್ಟು ಕುಸಿದ್ರೂ ಸಾಕು, ಎಳೆತ ಹೋಯ್ತು." ತಟ್ಟೆಯಿಂದ ತಲೆ ಎತ್ತಿದಳು. "ಯಾಕ್ರೀ?"

"ಸುಮ್ಮನೆ."

ಏಪ್ರಿಲ್ ೧೦, ಗುರುವಾರ

ಗುಜರಿ ಡಬ್ಬದಿಂದ ನಾಲ್ಕು ತಗಡಿನ ತುಂಡು ಆರಿಸಿದೆ. ಎರಡಕ್ಕೆ ಮೂರು ಕೋಟು ಹಸಿರು, ಎರಡೂ ಬದಿ. ಎರಡನ್ನು ಬರಿದಾಗಿ ಬಿಟ್ಟೆ. ಬಣ್ಣ ಬೇಗ ಒಣಗಲೆಂದು ಬೆಳಿಗ್ಗೆಯಿಂದ ಬಿಸಿಲಿಗಿಟ್ಟು, ಸಂಜೆ ಜೋಡಿ ಜೋಡಿಯಾಗಿ ಬೋಲ್ಟು ಹಾಕಿ ಒಂದೇ ಸ್ಪ್ಯಾನರಿನಿಂದ ಒಂದೇ ಸಮ ಬಿಗಿದೆ. ಎರಡನ್ನೂ ಬಾಣಲೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ಅಡುಗೆ ಏನೆಂದು ಟೈಲರ್ ಕಿಟಕಿಯಿಂದ ಕೇಳಿದ. ನಟ್ಟಿನ ಹುರಿಗಡಲೆ ಎಂದೆ.

ಆರಿದ ಮೇಲೆ ತಿರುಗಿಸಿ ನೋಡಿದೆ. ಬರಿದಾದದ್ದು ಕೈಗೆ ಜಗ್ಗಲಿಲ್ಲ. ಹಸಿರಿನದು ಎರಡು ಬೆರಳಿಗೆ ಬಂತು.

ಮತ್ತೆ ಬಿಗಿದು, ಮತ್ತೆ ಕಾಯಿಸಿದೆ. ಒಂದೇ ಕೋಟು ಹಚ್ಚಿದರೆ ಏನಾಗುತ್ತದೆ ಎಂದೂ ನೋಡಿದೆ. ಅದೂ ಸಡಿಲ, ಆದರೆ ಅಷ್ಟಲ್ಲ. ಮಣಿಕಟ್ಟಿಗೆ ಗೊತ್ತಾಗುತ್ತದೆ ಎಂದು ಮಾವ ಹೇಳಿದ್ದು ಸುಳ್ಳಲ್ಲ: ಬರಿದಾದ ಲೋಹ ಕೊನೆಯಲ್ಲಿ ಒಮ್ಮೆ ಗಟ್ಟಿಯಾಗಿ ನಿಲ್ಲುತ್ತದೆ, ಹಸಿರಿನದು ಜಾರುತ್ತ ಹೋಗುತ್ತದೆ. ಬಹಳ ಸಣ್ಣ ವ್ಯತ್ಯಾಸ. ಕಣ್ಣು ಮುಚ್ಚಿದರೆ ಚೆನ್ನಾಗಿ ತಿಳಿಯುತ್ತದೆ.

ಏಪ್ರಿಲ್ ೧೧, ಶುಕ್ರವಾರ

ಮಾವ ಭಾನುವಾರದಿಂದ ಶೆಡ್ಡಿನ ಕಡೆ ಬಂದಿಲ್ಲ. ಕಿಟಕಿಯ ಹತ್ತಿರ ಕೂತಿರುತ್ತಾರೆ. ಇವತ್ತು ಅಂಗಿಯ ಗುಂಡಿ ಹಾಕಿಕೊಡು ಎಂದು ಮಗಳನ್ನು ಕರೆದರಂತೆ. ಆ ಕೈಗೆ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲವೆಂದರೆ ನಾನು ನಂಬಲಾರೆ.

ಏಪ್ರಿಲ್ ೧೨, ಶನಿವಾರ

ಒಂದು ಸಂಭಾಷಣೆ ಸಿದ್ಧ ಮಾಡಿಕೊಂಡಿದ್ದೆ. ಸ್ನಾನದ ಮನೆಯಲ್ಲಿ ಎರಡು ಸಲ ಹೇಳಿಕೊಂಡೂ ನೋಡಿದ್ದೆ. 'ಅಪರಾಧಿ ನಿಮ್ಮೆದುರು ನಿಂತಿದ್ದಾನೆ' ಎಂದು ಶುರು. ಕೆಳಗೆ ಹೋಗಿ ಅವರನ್ನು ನೋಡಿದ ಕೂಡಲೇ ಅದನ್ನು ಕೈಬಿಟ್ಟೆ. ಎರಡು ಜೋಡಿ ತಗಡುಗಳನ್ನು ಅವರ ತೊಡೆಯ ಮೇಲಿಟ್ಟು, ಕೈಗೆ ಸ್ಪ್ಯಾನರ್ ಕೊಟ್ಟೆ.

ಅವರು ಬರಿದಾದದ್ದಕ್ಕೆ ಹಾಕಿದರು. ಜಗ್ಗಲಿಲ್ಲ. ಹಸಿರಿನದಕ್ಕೆ ಹಾಕಿದರು. ಸ್ಪ್ಯಾನರ್ ಕೆಳಗಿಟ್ಟು ಬೆರಳಿನಿಂದ ಬಿಚ್ಚಿದರು. ವಾಷರ್ ಎತ್ತಿ, ಸುಕ್ಕಾದ ಬಣ್ಣವನ್ನು ಉಗುರಿನಿಂದ ಕೆರೆದರು. ಎಷ್ಟು ಹೊತ್ತೋ.

"ಎಂಜಿನ್ ತಗಡಿಗೆ ಒಳಗಡೇನೂ ಬಳಿದಿದ್ರಾ?"

"ಎರಡೂ ಬದಿಗೆ. ಮೂರು ಕೋಟು."

"ಯಾವತ್ತು ಗೊತ್ತಾಯ್ತು?"

"ಸೋಮವಾರ."

ಅವರು ಬೆರಳು ಮಡಿಸಿ ಎಣಿಸಿದರು. "ಐದು ದಿನ. ಐದು ದಿನ ನನ್ನನ್ನ ಮುದುಕನ್ನ ಮಾಡಿ ಕೂರ್ಸಿದ್ಯಲ್ಲೋ."

ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

"ನನ್ನ ಬೆರಳಿಗೂ ತಿಳೀಬೇಕಿತ್ತು ಅದು. ನುಣ್ಣಗಿದೆ ಅಂದ್ಬಿಟ್ಟೆ. ಬಾ, ನಿಂತ್ಕೊಂಡು ಏನ್ಮಾಡ್ತೀಯ? ಗಾಡಿ ಬಿಚ್ಚೋಣ. ಎಲ್ಲೆಲ್ಲಿ ಬಳಿದಿದೀಯ ತೋರ್ಸು."

ಸಂಜೆ ಇವಳಿಗೂ ಹೇಳಿದೆ. ಆ ಗಾಡಿಯ ಮೇಲೆ ಕೂತಿದ್ದವಳು ಅವಳು. ಅವಳು ವಾಪಸ್ಸಿನ ಪತ್ರವನ್ನು ಎರಡಾಗಿ ಹರಿದು, ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆಯತೊಡಗಿದಳು.

"ಬುಧವಾರನೇ ಅನ್ನಿಸ್ತು ನನಗೆ. ನೀವು ಸುಮ್ಮನೆ ಅಂತ ಭೌತಶಾಸ್ತ್ರ ಕೇಳೋರಲ್ಲ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ಭಾನುವಾರದ ತನಕ ಟೈಮ್ ಕೊಟ್ಟಿದ್ದೆ." ಪೆನ್ನು ನಿಲ್ಲಿಸಿದಳು. "ಇನ್ನೊಂದು ಸಲ ಹೀಗೆ ಮುಚ್ಚಿಟ್ರೆ, ಆ ಹಸಿರು ಡಬ್ಬ ನಿಮ್ಮ ತಲೆ ಮೇಲೆ. ಮೂರು ಕೋಟು, ಎರಡೂ ಬದಿಗೆ."

ಏಪ್ರಿಲ್ ೧೯, ಶನಿವಾರ

ಒಂದು ವಾರ ಕೆರೆದೆ. ಉಪ್ಪುಕಾಗದ, ಬ್ಲೇಡು, ಥಿನ್ನರ್. ಲೋಹ ಲೋಹವನ್ನು ಮುಟ್ಟುವ ಜಾಗದಲ್ಲೆಲ್ಲ ಬೆಳ್ಳಗೆ ಹೊಳೆಯುವವರೆಗೆ. ಬಣ್ಣ ಬೇಡದ ಜಾಗವೂ ಇದೆ ಎಂದು ಐವತ್ನಾಲ್ಕನೆಯ ವಯಸ್ಸಿಗೆ ಕಲಿತಿದ್ದೇನೆ.

ಹಾಗೆಂದು ಮಾವ ನನ್ನ ಬಣ್ಣವನ್ನು ಪೂರ್ತಿ ಗಡೀಪಾರು ಮಾಡಲಿಲ್ಲ. ಒಂದು ನಟ್ಟು ಬಿಗಿದು, ನನ್ನ ಅತಿ ಸಣ್ಣ ಕುಂಚ ಕೇಳಿದರು. ನಟ್ಟಿನ ಮೇಲಿಂದ ಪಕ್ಕದ ತಗಡಿನವರೆಗೆ ಹಳದಿಯಲ್ಲಿ ಒಂದು ತೆಳು ಗೆರೆ ಎಳೆಯಬೇಕು. ನಟ್ಟು ಸ್ವಲ್ಪ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಅವರು ಎಳೆದದ್ದು ಸೊಟ್ಟಗಾಯಿತು. ನನಗೆ ಕೊಟ್ಟರು.

ಅವರು ಬಿಗಿಯುವುದು, ನಾನು ಗೆರೆ ಎಳೆಯುವುದು. ಮೂವತ್ತೊಂದು ನಟ್ಟು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಬ್ಬರೂ ಹೆಚ್ಚು ಮಾತಾಡಿದ್ದು ನೆನಪಿಲ್ಲ. ಟೈಲರ್ ಬಂದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದ.

ಏಪ್ರಿಲ್ ೨೬, ಶನಿವಾರ

ತಪಾಸಣೆ ಮುಗಿಯಿತು. ತಪಾಸಣೆಯಾಕೆ ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿ, ಆಯಿಲ್ ಬೋಲ್ಟು ಬಿಚ್ಚಿಕೊಳ್ಳದಂತೆ ಕಟ್ಟಿದ ತಂತಿ ಎಳೆದು ನೋಡಿದಳು. ಬ್ರೇಕು ಒತ್ತಿದಳು. ಹಳದಿ ಗೆರೆಗಳ ಮೇಲೆ ಬೆಳಕು ಬಿಟ್ಟು, "ಯಾರು ಹಾಕಿದ್ದು ಇವನ್ನ? ಅಚ್ಚು ಹೊಡೆದ ಹಾಗಿದೆ," ಎಂದಳು.

"ನಾನು," ಎಂದೆ. ಚೀಟಿ ಅಂಟಿಸಿ ಕಳಿಸಿದಳು.

ಏಪ್ರಿಲ್ ೨೭, ಭಾನುವಾರ

ಹತ್ತೊಂಬತ್ತು ಗಾಡಿ, ಎಂಟು ಸುತ್ತು. ಇವಳು ಹನ್ನೆರಡನೆಯವಳಾಗಿ ಮುಗಿಸಿದಳು.

ಮೊದಲ ಸುತ್ತಿನಲ್ಲಿ ಹದಿನೇಳನೆಯವಳು. ರನ್‌ವೇ ಮುಗಿದು ಬರುವ ತಿರುವಿನಲ್ಲಿ ಎಲ್ಲರೂ ಹಳೆಯ ಬಿಳಿ ಪಟ್ಟೆಯ ಹತ್ತಿರ ಬ್ರೇಕ್ ಹಿಡಿಯುತ್ತಿದ್ದರು, ಇವಳೂ ಅಲ್ಲೇ. ಮೂರನೆಯ ಸುತ್ತಿಗೆ ಪಟ್ಟೆ ದಾಟಿದ ಮೇಲೆ ಹಿಡಿದಳು. ಐದನೆಯದರಲ್ಲಿ ಇನ್ನೂ ಆಚೆ. ಗಾಡಿಯನ್ನು ನಂಬಿದವರು ಮಾತ್ರ ಹಾಗೆ ಮಾಡುತ್ತಾರೆ. ಗೋಡೆಯ ಪಕ್ಕ ನಿಂತಿದ್ದ ಮಾವ ಪ್ರತಿ ಸುತ್ತಿಗೂ ನನ್ನ ಮುಖ ನೋಡಿ, ಸದ್ದು ಹೇಗಿದೆ ಎಂದು ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಕೇಳಿ, ಸರಿಯಾಗಿದೆ ಎಂದು ತಲೆಯಾಡಿಸುತ್ತಿದ್ದೆ. ಏಳನೆಯ ಸುತ್ತಿನಲ್ಲಿ ಏನೋ ಸಣ್ಣದಾಗಿ ಝಲ್ ಎಂದಂತಾಯಿತು. ಮಾವನಿಗೆ ಹೇಳಿದೆ. "ಎಂಜಿನ್ನಾ?" ಎಂದರು. ಅಲ್ಲ, ಹಿಂದುಗಡೆ, ತಗಡಿನ ಸದ್ದು ಎಂದೆ. ಒಂದು ಸುತ್ತು ತಡೆಯುತ್ತದೆ ಎಂದರು. ತಡೆಯಿತು.

ಇವಳು ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಕೆಂಪಾಗಿತ್ತು. "ಆ ನೀಲಿ ಗಾಡಿಯವನು ಕೊನೇ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದ, ನೋಡಿದ್ರಾ? ತಿರುಗಿ ನೋಡೋದ್ರೊಳಗೆ ಮುಂದಿದ್ದೆ," ಎಂದು ನೀರಿನ ಬಾಟಲಿಯನ್ನು ಒಂದೇ ಉಸಿರಿಗೆ ಖಾಲಿ ಮಾಡಿದಳು.

ಗಾಡಿಯನ್ನು ಮರದ ಪೀಠಕ್ಕೆ ಏರಿಸಿ ನಾನು ಗೆರೆಗಳನ್ನು ನೋಡುತ್ತ ಹೋದೆ. ಎಂಜಿನ್ನಿನ ಎಂಟೂ ಇದ್ದಲ್ಲೇ ಇದ್ದವು. ಹಿಂದೆ ಹೋದಾಗ ಸೈಲೆನ್ಸರ್ ಹಿಡಿದಿರುವ ಬ್ರಾಕೆಟ್ಟಿನಲ್ಲಿ ಒಂದು ಗೆರೆ ತುಂಡಾಗಿತ್ತು. ನಟ್ಟು ಕಾಲು ಸುತ್ತು ಬಿಚ್ಚಿಕೊಂಡಿತ್ತು. ಅಲ್ಲಿ ಬಣ್ಣವಿರಲಿಲ್ಲ, ನಾನೇ ಕೆರೆದಿದ್ದೆ.

ಮಾವ ಗಾಡಿಯ ಆಚೆ ಬದಿಯಲ್ಲಿದ್ದರು. ನನ್ನ ಕೈಯಲ್ಲಿ ಪೆಟ್ರೋಲ್ ಒದ್ದೆಯಾದ ಬಟ್ಟೆ ಇತ್ತು. ಒಂದು ಸಲ ಒರೆಸಿ, ಬಿಗಿದು, ಹೊಸ ಗೆರೆ ಎಳೆದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮಾವ, ಸೈಲೆನ್ಸರಿನ ಹಿಂದಿನ ನಟ್ಟು ತಿರುಗಿದೆ. ಕಾಲು ಸುತ್ತು."

"ಬಣ್ಣ ಇತ್ತಾ?"

"ಇಲ್ಲ. ಬರೀ ಲೋಹ. ನೀವು ಬಿಗಿ ಮಾಡಿದ್ದು."

ಇವಳು ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಮಾವ ಈಚೆ ಬಂದು ನಿಧಾನವಾಗಿ ಮಂಡಿಯೂರಿದರು. ಸೈಲೆನ್ಸರ್ ಇನ್ನೂ ಬಿಸಿಯಿತ್ತು, ಅಂಗಿಯ ತೋಳನ್ನು ಬೆರಳಿಗೆ ಸುತ್ತಿಕೊಂಡು ನಟ್ಟನ್ನು ಬಿಚ್ಚಿ, ಬೋಲ್ಟಿನ ಉದ್ದಕ್ಕೂ ಸವರಿದರು. ಪಕ್ಕದಲ್ಲಿ ಕ್ಯಾನ್ವಾಸು ಬಟ್ಟೆ ಹಾಸಿ ಸ್ಪ್ಯಾನರುಗಳೆಲ್ಲ ಇದ್ದವು. ಮತ್ತೆ ಸುತ್ತಿಡುತ್ತಾರೇನೋ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ.

"ನಟ್ಟು ತಿರುಗದ ಹಾಗೆ ಹಿಡಿಯೋ ಸ್ಪ್ರಿಂಗ್ ವಾಷರ್ ಹಾಕಿಲ್ಲ ಇಲ್ಲಿ," ಎಂದರು. "ಹೂಂ. ಇದು ನಂದೇ."

ಕೈ ಚಾಚಿದರು. ವಾಷರ್ ಕೊಟ್ಟೆ, ಆಮೇಲೆ ಹದಿಮೂರರ ಸ್ಪ್ಯಾನರ್ ಕೊಟ್ಟೆ. ಬಿಗಿದರು. ನಾನು ಹಳೆಯ ಗೆರೆ ಒರೆಸಿ ಹೊಸದು ಎಳೆದೆ.

"ಮುಂದಿನ ಗೆರೆ ಹೇಗಿದೆ ಹೇಳು," ಎಂದರು.

ಹೇಳುತ್ತ ಹೋದೆ.